ಒಂದು ಕಾಲುವೆ, ನಾಲ್ಕು ಹೊಲ: ಲ್ಯಾಪ್‌ಟಾಪಿನಿಂದ ಮನೆಮಂದಿಗೆಲ್ಲ ಇಂಟರ್‌ನೆಟ್

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಬೈಲಹೊಂಗಲದ ಸೀಮೆಯನ್ನು ದಾಟಿ, ಸವದತ್ತಿಯ ಹತ್ತಿರ ನವಿಲುತೀರ್ಥದ ಕಣಿವೆಯಲ್ಲಿ ಅಣೆಕಟ್ಟಿಗೆ ಸಿಕ್ಕಿ, ಅಲ್ಲಿಂದ ಬಿಡಿಸಿಕೊಂಡು ರಾಮದುರ್ಗದ ಕಡೆಗೆ ಸಾಗುತ್ತಾಳೆ. ಕಾಲುವೆಯ ನೀರು ನಂಬಿ ಬಿತ್ತಿದ ರೈತರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ನೀರು ಎಷ್ಟು ಬಂತು ಎಂಬುದಕ್ಕಿಂತ ಅದು ಯಾರ ಹೊಲಕ್ಕೆ, ಯಾವ ಪಾಳಿಯಲ್ಲಿ, ಎಷ್ಟು ಹೊತ್ತು ಹರಿಯಿತು ಎಂಬುದೇ ಮುಖ್ಯ. ಮೇಲಿನ ಹೊಲದವನು ತೂಬು ಅಗಲ ಮಾಡಿಕೊಂಡರೆ ಕೊನೆಯ ಹೊಲದವನು ಒಣ ಕಾಲುವೆಯನ್ನು ನೋಡುತ್ತ ಕೂಡಬೇಕಾಗುತ್ತದೆ.

ಇಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಅನೇಕ ಮನೆಗಳಲ್ಲಿ ಇಂಥದೇ ಇನ್ನೊಂದು ಪಾಳಿಯ ಪ್ರಶ್ನೆ ಎದ್ದಿದೆ. ಪದವಿ ಓದುವ ಮಗನಿಗೆ ವಿಶ್ವವಿದ್ಯಾಲಯದ ಪರೀಕ್ಷಾ ಅರ್ಜಿ ತುಂಬಬೇಕು. ಪಿಯುಸಿ ಓದುವ ಮಗಳಿಗೆ ಸಿಇಟಿಯ ತಯಾರಿಗಾಗಿ ಪಾಠ ನೋಡಬೇಕು. ಹೈಸ್ಕೂಲಿನ ಕಿರಿಯನಿಗೆ ಯೋಜನಾ ವರದಿಗೆ ಚಿತ್ರ ಬೇಕು. ತಂದೆಗೆ ಹತ್ತಿಯ ಧಾರಣೆ ತಿಳಿಯಬೇಕು. ಮನೆಯಲ್ಲಿರುವ ಸಂಪರ್ಕ ಮಾತ್ರ ಒಂದೇ. ಅದೂ ಒಂದು ತಂತಿಯ ತುದಿಯಲ್ಲೋ, ಒಂದು ಸಿಮ್ಮಿನಲ್ಲೋ ಕೂತಿದೆ.

ಇಂಥ ಮನೆಗಳಲ್ಲಿ ಲ್ಯಾಪ್‌ಟಾಪ್ ಇದ್ದರೆ ಅದನ್ನೇ ತೂಬನ್ನಾಗಿ ಮಾಡಿಕೊಳ್ಳಬಹುದು. ತನಗೆ ಬಂದ ಇಂಟರ್‌ನೆಟ್ಟನ್ನು ಅದು ಗಾಳಿಯಲ್ಲಿ ಸುತ್ತಲಿನ ಫೋನುಗಳಿಗೆ ಹಂಚಬಲ್ಲದು. ಇದಕ್ಕೆ ಹೊಸ ಯಂತ್ರ ಕೊಳ್ಳಬೇಕಿಲ್ಲ, ತಂತ್ರಜ್ಞರನ್ನು ಕರೆಸಬೇಕಿಲ್ಲ. ಆದರೆ ಹಂಚುವ ಮುನ್ನ ಏನನ್ನು ಹಂಚುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಇಲ್ಲದಿದ್ದರೆ ಅರ್ಜಿಯ ಕೊನೆಯ ದಿನವೇ ಕಾಲುವೆ ಒಣಗೀತು.

ಎಸ್‌ಟಿಡಿ ಬೂತಿನಿಂದ ಅಂಗೈವರೆಗೆ

ಇಂದಿನ ಪಾಲಕರಲ್ಲಿ ಹಲವರಿಗೆ ಹಳದಿ ಫಲಕದ ಎಸ್‌ಟಿಡಿ ಬೂತುಗಳು ನೆನಪಿರಬಹುದು. ಬೂತಿನ ಮುಂದೆ ಸಾಲು, ಒಳಗೆ ಒಂದೇ ಫೋನು, ಓಡುತ್ತಿರುವ ಮೀಟರು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ ಸೇವೆ ಆರಂಭಿಸಿದಾಗ ಅದು ಕೆಲವೇ ಮಹಾನಗರಗಳ ಸೊತ್ತಾಗಿತ್ತು. ಆಮೇಲೆ ಸೈಬರ್ ಕೆಫೆಗಳು ಬಂದವು. ಫಲಿತಾಂಶದ ದಿನ ತಾಲ್ಲೂಕು ಕೇಂದ್ರದ ಕೆಫೆಯ ಮುಂದೆ ನೂಕುನುಗ್ಗಲು ಆಗುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. 2016ರ ಬಳಿಕ ಮೊಬೈಲ್ ಇಂಟರ್‌ನೆಟ್ಟಿನ ದರ ದಿಢೀರನೆ ಇಳಿದು, ಜಾಲವೆಂಬುದು ಅಂಗೈಗೆ ಬಂತು.

ಆದರೂ ಅಂಗೈಗೆ ಬಂದದ್ದು ಎಲ್ಲರ ಅಂಗೈಗೂ ಬಂದಿತೆಂದು ಹೇಳುವಂತಿಲ್ಲ. 2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ 4.4ರಷ್ಟು ಮನೆಗಳಲ್ಲಿ ಮಾತ್ರ. ಇಂಟರ್‌ನೆಟ್ ಸೌಲಭ್ಯ ಇದ್ದದ್ದು ನೂರಕ್ಕೆ 14.9ರಷ್ಟು ಮನೆಗಳಲ್ಲಿ. ನಗರಗಳಲ್ಲಿ ಈ ಅಂಕಿಗಳು 23.4 ಮತ್ತು 42.

ಸಮೀಕ್ಷೆಯಾಗಿ ಎರಡೇ ವರ್ಷಕ್ಕೆ, 2020ರ ಮಾರ್ಚಿನಲ್ಲಿ, ಕೊರೊನಾ ಶಾಲೆಗಳಿಗೆ ಬೀಗ ಹಾಕಿಸಿತು. ಪಾಠಗಳೆಲ್ಲ ಪರದೆಯ ಮೇಲೆ ಬಂದಾಗ ಒಂದೇ ಫೋನಿನ ಮನೆಯಲ್ಲಿ ಮೂರು ತರಗತಿಗಳು ಒಂದೇ ಹೊತ್ತಿಗೆ ನಡೆಯತೊಡಗಿದವು. ಆ ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು, ಆಗಸ್ಟಿನಲ್ಲಿ ಓಣಿ ಓಣಿಯ ಗುಡಿಕಟ್ಟೆಗಳಲ್ಲಿ ‘ವಿದ್ಯಾಗಮ’ ಆರಂಭವಾದದ್ದು ಈ ಕೊರತೆಯನ್ನು ತುಂಬಲೆಂದೇ. ಶಾಲೆಗಳು ಮರಳಿ ತೆರೆದರೂ ಪರದೆಯ ಕೆಲಸ ಮುಗಿಯಲಿಲ್ಲ. ಪದವಿ ಪ್ರವೇಶಕ್ಕೂ ಪರೀಕ್ಷೆಗೂ ಯುಯುಸಿಎಂಎಸ್, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಸಿಇಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ತಾಣ, ಹೆಚ್ಚಿನ ಓದಿಗೆ 2017ರಲ್ಲಿ ಆರಂಭವಾದ ‘ಸ್ವಯಂ’ ಪಾಠಗಳು. ಹೀಗೆ ಇಂದಿನ ವಿದ್ಯಾರ್ಥಿಗೆ ಇಂಟರ್‌ನೆಟ್ ಎಂಬುದು ಪಾಟಿ ಚೀಲದಷ್ಟೇ ಅಗತ್ಯದ ವಸ್ತುವಾಗಿಬಿಟ್ಟಿದೆ.

ಲ್ಯಾಪ್‌ಟಾಪ್ ಎಂಬ ಪುಟ್ಟ ರೇಡಿಯೊ ನಿಲಯ

ಲ್ಯಾಪ್‌ಟಾಪಿನೊಳಗೆ ಬೆರಳಗಲದ ಒಂದು ಬಿಲ್ಲೆ ಇರುತ್ತದೆ. ಅದನ್ನು ನಿಸ್ತಂತು ಕಾರ್ಡು ಎನ್ನಬಹುದು. ಧಾರವಾಡ ಆಕಾಶವಾಣಿ ನಿಲಯ ಮಾಡುವ ಕೆಲಸವನ್ನೇ ಇದು ತೀರ ಚಿಕ್ಕ ಪ್ರಮಾಣದಲ್ಲಿ ಮಾಡುತ್ತದೆ. ಆಕಾಶವಾಣಿ ಬರೀ ಹೇಳುತ್ತದೆ, ಇದು ಹೇಳುವುದರ ಜೊತೆಗೆ ಕೇಳಿಸಿಕೊಳ್ಳುತ್ತದೆ ಕೂಡ. ಧಾರವಾಡದ ಮಧ್ಯಮ ತರಂಗ 765 ಕಿಲೊಹರ್ಟ್ಸ್, ಎಂದರೆ ಸೆಕೆಂಡಿಗೆ 7 ಲಕ್ಷ 65 ಸಾವಿರ ಕಂಪನ. ಲ್ಯಾಪ್‌ಟಾಪಿನ ವೈಫೈ ಬಳಸುವ ತರಂಗ 2.4 ಗಿಗಾಹರ್ಟ್ಸ್, ಎಂದರೆ ಸೆಕೆಂಡಿಗೆ 240 ಕೋಟಿ ಕಂಪನ. ಆಕಾಶವಾಣಿಯ ಒಂದೊಂದು ಅಲೆ ಸುಮಾರು 392 ಮೀಟರ್ ಉದ್ದ. ವೈಫೈ ಅಲೆ ಹನ್ನೆರಡೂವರೆ ಸೆಂಟಿಮೀಟರ್, ಒಂದು ಗೇಣಿಗಿಂತಲೂ ಕಡಿಮೆ. ಅದರ ಶಕ್ತಿಯೂ ಅಲ್ಪ. ಹಾಗಾಗಿ ಅದು ಮನೆಯ ಅಂಗಳ ದಾಟುವಷ್ಟರಲ್ಲಿ ದಣಿಯುತ್ತದೆ.

ರೇಡಿಯೊ ತರಂಗ ಬಿಡಲು ಸರ್ಕಾರದ ಪರವಾನಗಿ ಬೇಕೆಂಬುದು ಹಳೆಯ ಕಾನೂನು. 2005ರಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟಿತು. ಇಂದು ಯಾರೂ ಯಾವ ಕಚೇರಿಗೂ ಅಲೆಯದೆ ಮನೆಯಲ್ಲಿ ವೈಫೈ ಹಚ್ಚಿಕೊಳ್ಳುವುದು ಈ ವಿನಾಯಿತಿಯ ಫಲ. ವೈಫೈಗೆ ಮೊದಲ ಅಂತರರಾಷ್ಟ್ರೀಯ ಮಾನಕ ಸಿದ್ಧವಾದದ್ದು 1997ರಲ್ಲಿ. ಆ ಹೆಸರು ಬಂದದ್ದು 1999ರಲ್ಲಿ. ಅದೇ 1999ರಲ್ಲಿ ಮೈಕ್ರೊಸಾಫ್ಟ್ ಕಂಪನಿ ತನ್ನ ವಿಂಡೋಸ್ 98ರ ಎರಡನೆಯ ಆವೃತ್ತಿಯಲ್ಲಿ ಒಂದು ಕಂಪ್ಯೂಟರಿನ ಇಂಟರ್‌ನೆಟ್ಟನ್ನು ಇನ್ನೊಂದಕ್ಕೆ ಹಂಚುವ ಸೌಕರ್ಯ ಸೇರಿಸಿತು. 2009ರ ವಿಂಡೋಸ್ 7ರಲ್ಲಿ ಲ್ಯಾಪ್‌ಟಾಪನ್ನೇ ವೈಫೈ ಕೇಂದ್ರ ಮಾಡುವ ವ್ಯವಸ್ಥೆ ಬಂತಾದರೂ ಅದಕ್ಕೆ ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪು ಮಾಡಬೇಕಾಗಿತ್ತು. 2016ರಲ್ಲಿ ವಿಂಡೋಸ್ 10ರಲ್ಲಿ ಅದು ಒಂದು ಗುಂಡಿ ಒತ್ತುವಷ್ಟು ಸುಲಭವಾಯಿತು.

ಒಂದೇ ಸಂಪರ್ಕವನ್ನು ನಾಲ್ವರು ಬಳಸಿದರೆ ಒಬ್ಬರ ಪಾಠ ಇನ್ನೊಬ್ಬರ ಫೋನಿಗೆ ಹೋಗಿಬಿಡುವುದಿಲ್ಲವೆ ಎಂದು ಕೇಳುವವರುಂಟು. ಹೋಗುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಪ್ರತಿಯೊಂದು ಸಂಪರ್ಕಕ್ಕೂ ಒಂದು ಅಂಕಿಯ ವಿಳಾಸವಿರುತ್ತದೆ. ಹಳೆಯ ಪದ್ಧತಿಯ ವಿಳಾಸಗಳ ಒಟ್ಟು ಸಂಖ್ಯೆ ಸುಮಾರು 429 ಕೋಟಿ. ಜಗತ್ತಿನ ಸಾಧನಗಳಿಗೆ ಅಷ್ಟು ಸಾಲದು ಎಂಬುದು 1990ರ ದಶಕದಲ್ಲಿಯೇ ತಿಳಿದುಹೋಯಿತು. ಆಗ ಹುಡುಕಿದ ಉಪಾಯ ಹಾಸ್ಟೆಲ್ಲಿನ ಟಪಾಲಿನಂಥದು. ಹೊರಗಿನವರಿಗೆ ಹಾಸ್ಟೆಲ್ಲಿನ ವಿಳಾಸ ಒಂದೇ. ಒಳಗೆ ಯಾರ ಪತ್ರ ಯಾವ ಕೋಣೆಗೆ ಎಂಬುದನ್ನು ವಾರ್ಡನ್ ನೋಡಿಕೊಳ್ಳುತ್ತಾರೆ. ಹಾಟ್‌ಸ್ಪಾಟ್ ಆದ ಲ್ಯಾಪ್‌ಟಾಪ್ ಈ ವಾರ್ಡನ್ ಕೆಲಸ ಮಾಡುತ್ತದೆ. ವಿಂಡೋಸ್ ಲ್ಯಾಪ್‌ಟಾಪ್ ಸಾಮಾನ್ಯವಾಗಿ ತನಗೆ 192.168.137.1 ಎಂಬ ಒಳವಿಳಾಸ ಇಟ್ಟುಕೊಂಡು, ಸೇರಿದ ಫೋನುಗಳಿಗೆ ಅದೇ ಸಾಲಿನ ಬೇರೆ ಬೇರೆ ವಿಳಾಸ ಕೊಡುತ್ತದೆ. ಹೊರಜಗತ್ತಿಗೆ ಕಾಣುವುದು ಮಾತ್ರ ಒಂದೇ ವಿಳಾಸ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಹೊಣೆಗಾರಿಕೆಯ ಪ್ರಶ್ನೆಗೆ ಇದೇ ಆಧಾರ.

ಯಾವಾಗ ಲ್ಯಾಪ್‌ಟಾಪ್, ಯಾವಾಗ ಬೇಡ

ಫೋನಿನಲ್ಲಿಯೇ ಹಾಟ್‌ಸ್ಪಾಟ್ ಇರುವಾಗ ಲ್ಯಾಪ್‌ಟಾಪಿನ ಉಸಾಬರಿ ಏಕೆ ಎಂಬುದು ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ವೈಫೈ ಇರುವ ಫೈಬರ್ ಮೋಡೆಮ್ ಇದ್ದರೆ ಲ್ಯಾಪ್‌ಟಾಪಿನಿಂದ ಹಂಚುವ ಅಗತ್ಯವೇ ಇಲ್ಲ. ಹತ್ತು ನಿಮಿಷದ ಕೆಲಸಕ್ಕೆ ಫೋನಿನ ಹಾಟ್‌ಸ್ಪಾಟ್ ಸಾಕು. ಲ್ಯಾಪ್‌ಟಾಪ್ ನೆರವಿಗೆ ಬರುವ ಸಂದರ್ಭಗಳು ಮುಖ್ಯವಾಗಿ ಮೂರು.

ಮೊದಲನೆಯದು, ಸಂಪರ್ಕ ತಂತಿಯಲ್ಲಿ ಬಂದಾಗ. ಹಾಸ್ಟೆಲ್ಲಿನ ಕೋಣೆಯಲ್ಲಿ ಗೋಡೆಗೆ ಒಂದು ತಂತಿಯ ಕಿಂಡಿ ಮಾತ್ರ ಇದ್ದು, ವೈಫೈ ಇಲ್ಲದಿದ್ದರೆ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ಫೋನುಗಳಿಗೆ ಹಂಚಬಹುದು. ಸಂಸ್ಥೆಯ ನಿಯಮ ಅದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಎರಡನೆಯದು, ಡಾಂಗಲ್ ಬಳಸುವಾಗ. ಪೆನ್‌ಡ್ರೈವಿನಂತೆ ಸಿಕ್ಕಿಸುವ ಈ ಸಾಧನಗಳಲ್ಲಿ ಕೆಲವು ಒಂದೇ ಕಂಪ್ಯೂಟರಿಗೆ ಸೀಮಿತ. ಮೂರನೆಯದು, ಹೊತ್ತುಗಟ್ಟಲೆ ಹಂಚಬೇಕಾದಾಗ. ಹಾಟ್‌ಸ್ಪಾಟ್ ಆದ ಫೋನು ಬೇಗ ಬಿಸಿಯೇರಿ ಬ್ಯಾಟರಿ ಕಳೆದುಕೊಳ್ಳುತ್ತದೆ. ಅದೇ ಫೋನನ್ನು ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿದರೆ ಫೋನು ಚಾರ್ಜೂ ಆಗುತ್ತದೆ, ಹಂಚುವ ಭಾರ ಲ್ಯಾಪ್‌ಟಾಪಿನ ಮೇಲೆ ಬೀಳುತ್ತದೆ. ಸಿಗ್ನಲ್ ಚೆನ್ನಾಗಿ ಸಿಗುವ ಕಿಟಕಿಯ ಹತ್ತಿರ ಎರಡನ್ನೂ ಇಟ್ಟರೆ ಒಳಕೋಣೆಯವರಿಗೂ ಪಾಲು ಸಿಕ್ಕೀತು.

ಮಾಡುವ ಬಗೆ ಸರಳ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ‘ಸೆಟ್ಟಿಂಗ್ಸ್’ ತೆರೆದು, ‘ನೆಟ್‌ವರ್ಕ್ ಅಂಡ್ ಇಂಟರ್‌ನೆಟ್’ ವಿಭಾಗದಲ್ಲಿ ‘ಮೊಬೈಲ್ ಹಾಟ್‌ಸ್ಪಾಟ್’ ಎಂಬುದನ್ನು ಹುಡುಕಬೇಕು. ಅಲ್ಲಿ ಮೂರು ಸಂಗತಿ ಗಮನಿಸಬೇಕು. ಯಾವ ಸಂಪರ್ಕವನ್ನು ಹಂಚಬೇಕು ಎಂಬುದು ಒಂದು. ತಂತಿಯದೋ ಡಾಂಗಲ್ಲಿನದೋ ಆರಿಸಿಕೊಳ್ಳಬೇಕು. ಯಾವುದರ ಮೂಲಕ ಹಂಚಬೇಕು ಎಂಬುದು ಎರಡು, ಅಲ್ಲಿ ವೈಫೈ ಎಂದಿರಲಿ. ಹಾಟ್‌ಸ್ಪಾಟಿನ ಹೆಸರು ಮತ್ತು ಗುಪ್ತಪದ ಮೂರು. ಇಷ್ಟಾದ ಮೇಲೆ ಮೇಲಿನ ಗುಂಡಿ ಒತ್ತಿದರೆ ಆಯಿತು. ಫೋನಿನ ವೈಫೈ ಪಟ್ಟಿಯಲ್ಲಿ ಆ ಹೆಸರು ಕಾಣಿಸುತ್ತದೆ. ಒಮ್ಮೆಗೆ ಎಂಟು ಸಾಧನಗಳವರೆಗೆ ಸೇರಬಹುದು. ಆಪಲ್ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ‘ಇಂಟರ್‌ನೆಟ್ ಶೇರಿಂಗ್’ ಎಂದು ಹೆಸರು, ಅದು ‘ಜನರಲ್’ ವಿಭಾಗದ ‘ಶೇರಿಂಗ್’ ಒಳಗೆ ಸಿಗುತ್ತದೆ. ವೈಫೈಯಿಂದ ಪಡೆದದ್ದನ್ನು ವೈಫೈಯಿಂದಲೇ ಹಂಚಲು ಆಪಲ್ ಲ್ಯಾಪ್‌ಟಾಪ್ ಒಪ್ಪದು. ವಿಂಡೋಸ್ ಒಪ್ಪುತ್ತದಾದರೂ ಒಂದೇ ಬಿಲ್ಲೆ ಎರಡು ಕಡೆ ಮಾತಾಡಬೇಕಾದ್ದರಿಂದ ವೇಗ ಕುಗ್ಗುತ್ತದೆ.

ಹಂಚುತ್ತಿರುವಾಗ ಲ್ಯಾಪ್‌ಟಾಪ್ ನಿದ್ದೆಗೆ ಜಾರಬಾರದು. ಮುಚ್ಚಳ ಮುಚ್ಚಿದರೆ ಸಾಮಾನ್ಯವಾಗಿ ಹಾಟ್‌ಸ್ಪಾಟೂ ಮುಚ್ಚುತ್ತದೆ. ಕೆಲವು ಹೊತ್ತು ಯಾರೂ ಸೇರದಿದ್ದರೆ ತಾನಾಗಿ ಆರಿಹೋಗುವ ಏರ್ಪಾಡೂ ವಿಂಡೋಸಿನಲ್ಲಿದೆ. ‘ಆಗ ಇತ್ತು, ಈಗ ಇಲ್ಲ’ ಎಂಬ ದೂರಿಗೆ ಬಹಳ ಸಲ ಇವೇ ಕಾರಣ.

ಗೋಡೆ ದಪ್ಪ, ಅಲೆ ತೆಳ್ಳಗೆ

ಬೆಳಗಾವಿ ಜಿಲ್ಲೆಯ ಈ ಭಾಗದ ಹಳೆಯ ಮನೆಗಳಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆಗಳಿವೆ. ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಡುವ ಆ ಗೋಡೆ ವೈಫೈ ಅಲೆಗೆ ಮಾತ್ರ ಅಡ್ಡಿ. ಪಡಸಾಲೆಯಲ್ಲಿ ಭರ್ತಿ ಇದ್ದ ಸಿಗ್ನಲ್ ನಡುಮನೆಗೆ ಬರುವಷ್ಟರಲ್ಲಿ ಅರ್ಧವಾಗಿರುತ್ತದೆ. ಇಂಥಲ್ಲಿ ಹಾಟ್‌ಸ್ಪಾಟಿಗೆ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಆರಿಸುವುದು ಲೇಸು. 5 ಗಿಗಾಹರ್ಟ್ಸ್ ಹೆಚ್ಚು ವೇಗದ್ದಾದರೂ ಗೋಡೆ ದಾಟುವುದರಲ್ಲಿ ಹಿಂದೆ. ಒಂದೇ ಕೋಣೆಯಲ್ಲಿ ಎಲ್ಲರೂ ಕೂತು ಓದುವುದಾದರೆ 5 ಗಿಗಾಹರ್ಟ್ಸ್ ಒಳ್ಳೆಯದು. ಲ್ಯಾಪ್‌ಟಾಪನ್ನು ತಗಡಿನ ಕಪಾಟಿನ ಮಗ್ಗುಲಿಗೋ, ನೆಲದ ಮೇಲೋ ಇಡುವುದಕ್ಕಿಂತ ಬಾಗಿಲಿಗೆ ಎದುರಾಗಿ ಮೇಜಿನ ಮೇಲೆ ಇಡಬೇಕು. ಅಲೆಗೆ ಬಾಗಿಲೇ ಸುಲಭದ ದಾರಿ.

ಕರೆಂಟಿನ ಮಾತೂ ಇದೆ. ಲ್ಯಾಪ್‌ಟಾಪಿಗೆ ಸ್ವಂತ ಬ್ಯಾಟರಿ ಇದೆ, ಫೈಬರ್ ಮೋಡೆಮಿಗೆ ಇಲ್ಲ. ಕರೆಂಟು ಹೋದಾಗ ಲ್ಯಾಪ್‌ಟಾಪ್ ಉರಿಯುತ್ತಿದ್ದರೂ ಇಂಟರ್‌ನೆಟ್ ನಿಲ್ಲುವುದು ಇದಕ್ಕೆ. ಅರ್ಜಿ ತುಂಬುವ ದಿನಗಳಲ್ಲಿ ಫೋನಿನ ಯುಎಸ್‌ಬಿ ತಂತಿಯನ್ನು ಕೈಯಳತೆಯಲ್ಲಿ ಇಟ್ಟುಕೊಂಡರೆ ಎರಡನೆಯ ದಾರಿ ಸಿದ್ಧವಿದ್ದಂತೆ.

ಜಿಬಿ ಎಲ್ಲಿ ಹೋಯಿತು?

ಮನೆಮನೆಯಲ್ಲಿ ಕೇಳಿಬರುವ ದೂರು ಒಂದು: ‘ಏನೂ ನೋಡಿಲ್ಲ, ಡೇಟಾ ಖಾಲಿ’. ಈ ದೂರಿನಲ್ಲಿ ಹುಡುಗರ ತಪ್ಪು ಅಷ್ಟಿಲ್ಲ.

ಲೆಕ್ಕ ಹೀಗೆ. ಸಾಧಾರಣ ಗುಣಮಟ್ಟದ ವಿಡಿಯೊ ಪಾಠ ಗಂಟೆಗೆ ಸುಮಾರು ಅರ್ಧ ಜಿಬಿ ನುಂಗುತ್ತದೆ. ಹೆಚ್ಚು ಸ್ಪಷ್ಟತೆಯ ಚಿತ್ರ ಆರಿಸಿದರೆ ಒಂದು ಜಿಬಿಯನ್ನೂ ಮೀರುತ್ತದೆ. ದಿನಕ್ಕೆ 2 ಜಿಬಿಯ ಯೋಜನೆ ಇದ್ದರೆ ಒಬ್ಬರಿಗೆ ನಾಲ್ಕು ಗಂಟೆಯ ಪಾಠ. ನಾಲ್ವರು ಒಟ್ಟಿಗೆ ನೋಡಿದರೆ ಒಂದೇ ಗಂಟೆ. ಆಮೇಲೆ ವೇಗ ಇರುವೆಯ ನಡಿಗೆಗೆ ಇಳಿಯುತ್ತದೆ. ವೇಗದ ಲೆಕ್ಕವೂ ಇದೇ ರೀತಿ. 20 ಎಂಬಿಪಿಎಸ್ ಸಂಪರ್ಕವನ್ನು ನಾಲ್ವರು ಒಟ್ಟಿಗೆ ಎಳೆದರೆ ತಲೆಗೆ ಸುಮಾರು ಐದು. ಲ್ಯಾಪ್‌ಟಾಪ್ ಎಷ್ಟೇ ಹೊಸದಿದ್ದರೂ ಕಾಲುವೆಗೆ ಬಂದ ನೀರಿಗಿಂತ ಹೆಚ್ಚು ಹರಿಸಲಾರದು.

ನಿಜವಾದ ಸೋರಿಕೆ ಬೇರೆ ಕಡೆ ಇದೆ. ಫೋನುಗಳಿಗೆ ಒಂದು ನಂಬಿಕೆ: ವೈಫೈ ಎಂದರೆ ಧಾರಾಳ, ಸಿಮ್ ಎಂದರೆ ಮಿತ. ಹಾಟ್‌ಸ್ಪಾಟಿಗೆ ಸೇರಿದೊಡನೆ ಫೋನು ತಾನು ವೈಫೈಯಲ್ಲಿ ಇದ್ದೇನೆಂದು ಭಾವಿಸುತ್ತದೆ. ಕಾದು ಕೂತಿದ್ದ ಕೆಲಸಗಳೆಲ್ಲ ಆಗ ಎದ್ದು ನಿಲ್ಲುತ್ತವೆ. ಆ್ಯಪ್‌ಗಳು ಹೊಸ ಆವೃತ್ತಿ ಇಳಿಸಿಕೊಳ್ಳುತ್ತವೆ, ಮದುವೆಯ ಫೋಟೊ ವಿಡಿಯೊಗಳು ದೂರದ ಭಂಡಾರಕ್ಕೆ ಏರತೊಡಗುತ್ತವೆ, ವಾಟ್ಸ್‌ಆ್ಯಪ್ ಗುಂಪುಗಳ ಶುಭೋದಯದ ವಿಡಿಯೊಗಳು ತಾವಾಗಿಯೇ ಇಳಿಯುತ್ತವೆ. ಲ್ಯಾಪ್‌ಟಾಪ್ ಕೂಡ ಇದಕ್ಕೆ ಹೊರತಲ್ಲ. ವಿಂಡೋಸಿನ ಪರಿಷ್ಕರಣೆ ಒಂದೊಂದು ಸಲ ದಿನದ ಪಾಲನ್ನೆಲ್ಲ ಒಬ್ಬನೇ ಕುಡಿದುಬಿಡುತ್ತದೆ.

ಇದಕ್ಕೆ ಮದ್ದು ಸುಲಭ. ಲ್ಯಾಪ್‌ಟಾಪಿನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಬೇಕು. ಆಂಡ್ರಾಯ್ಡ್ ಫೋನಿನಲ್ಲಿಯೂ ಆ ವೈಫೈ ಹೆಸರನ್ನು ಒತ್ತಿದರೆ ಇಂಥದೇ ಆಯ್ಕೆ ಸಿಗುತ್ತದೆ. ಐಫೋನಿನಲ್ಲಿ ಅದಕ್ಕೆ ‘ಲೋ ಡೇಟಾ ಮೋಡ್’ ಎಂದು ಹೆಸರು. ವಾಟ್ಸ್‌ಆ್ಯಪಿನಲ್ಲಿ ವೈಫೈ ಇದ್ದಾಗ ತಾನಾಗಿ ಇಳಿಯುವುದನ್ನು ನಿಲ್ಲಿಸಬೇಕು. ಪಾಠಗಳನ್ನು ಸಾಧ್ಯವಾದಲ್ಲಿ ಒಮ್ಮೆ ಇಳಿಸಿಕೊಂಡು ಲ್ಯಾಪ್‌ಟಾಪಿನ ಪರದೆಯ ಮುಂದೆ ಎಲ್ಲರೂ ಕೂತು ನೋಡಬೇಕು. ನಾಲ್ಕು ಫೋನಿನಲ್ಲಿ ನಾಲ್ಕು ಸಲ ಹರಿಯುವ ನೀರು ಆಗ ಒಂದೇ ಸಲ ಹರಿಯುತ್ತದೆ.

ಕೊಟ್ಟವ ಕೋಡಂಗಿ ಆಗಬಾರದು

‘ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ’ ಎಂಬ ಗಾದೆ ಸಾಲ ಕೊಟ್ಟವರಿಗಷ್ಟೇ ಅನ್ವಯಿಸುವುದಿಲ್ಲ. ಗುಪ್ತಪದ ಕೊಟ್ಟವರಿಗೂ ಅದು ಸಲ್ಲುತ್ತದೆ. ನಾಲ್ಕು ಫೋನುಗಳು ಏನೇ ಮಾಡಿದರೂ ಹೊರಜಗತ್ತಿಗೆ ಕಾಣುವುದು ಒಂದೇ ವಿಳಾಸ ಎಂದು ಮೊದಲೇ ಹೇಳಿದೆಯಷ್ಟೆ. ಆ ವಿಳಾಸದಿಂದ ಯಾರನ್ನಾದರೂ ಬೆದರಿಸಿದ ಸಂದೇಶ ಹೋದರೆ, ಯಾರ ಹಣವಾದರೂ ಹೋದರೆ, ವಿಚಾರಣೆಗೆ ಬಂದವರು ಮೊದಲು ಕೇಳುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರನ್ನೇ. ಹೆಚ್ಚಿನ ಮನೆಗಳಲ್ಲಿ ಆ ಹೆಸರು ತಂದೆಯದೋ ತಾಯಿಯದೋ ಆಗಿರುತ್ತದೆ. ಓಣಿಯ ಗೆಳೆಯರಿಗೆಲ್ಲ ಗುಪ್ತಪದ ಹಂಚಿದ ಮಗನಿಗೆ ಇದು ತಿಳಿದಿರುವುದಿಲ್ಲ.

ಆದ್ದರಿಂದ ಹಾಟ್‌ಸ್ಪಾಟನ್ನು ಗುಪ್ತಪದವಿಲ್ಲದೆ ತೆರೆದಿಡಲೇಬಾರದು. ಇಂದಿನ ವೈಫೈ ರಕ್ಷಣೆಗೆ ಕಡಿಮೆಯೆಂದರೆ ಎಂಟು ಅಕ್ಷರಗಳ ಗುಪ್ತಪದ ಬೇಕು. ಎಂಟಕ್ಕೇ ನಿಲ್ಲಬೇಕೆಂದಿಲ್ಲ, 63ರವರೆಗೆ ಅವಕಾಶವಿದೆ. ಮನೆಯವರ ಹೆಸರು, ಫೋನ್ ನಂಬರು, ಹುಟ್ಟಿದ ದಿನ ಇವನ್ನು ಬಿಟ್ಟು, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಕೂಡಿಸಿ ಬರೆದರೆ ನೆನಪಿಡುವುದೂ ಸುಲಭ, ಊಹಿಸುವುದೂ ಕಷ್ಟ. ಹೊರಗಿನವರಿಗೆ ಕೊಡಬೇಕಾಗಿ ಬಂದರೆ ಅವರ ಕೆಲಸ ಮುಗಿದ ಮೇಲೆ ಬದಲಿಸಬೇಕು. ನೆಂಟರಿಗೆ ಬೇಸರವಾದೀತೆಂಬ ದಾಕ್ಷಿಣ್ಯ ಇಲ್ಲಿ ಬೇಡ.

ಇಸಕೊಳ್ಳುವವರೂ ಎಚ್ಚರದಿಂದ ಇರಬೇಕು. ಗುರುತಿಲ್ಲದವರ ಹಾಟ್‌ಸ್ಪಾಟಿನಲ್ಲಿ ಪರೀಕ್ಷಾ ಶುಲ್ಕ ಕಟ್ಟುವುದು, ಬ್ಯಾಂಕಿನ ಕೆಲಸ ಮಾಡುವುದು ಬೇಡ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಇನ್ನೊಂದು ಸಂಗತಿ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿದೆ. ಇಡೀ ಮನೆಯ ತೂಬಾಗಿ ಕೂತ ಲ್ಯಾಪ್‌ಟಾಪಿಗೆ ರಕ್ಷಣೆಯ ಪರಿಷ್ಕರಣೆ ಸಿಗುತ್ತಿದೆಯೇ ಎಂದು ನೋಡಿಕೊಳ್ಳುವುದು ಜಾಣತನ. ಹಣ ಕಳೆದುಕೊಂಡ ಸಂದರ್ಭ ಬಂದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ.

ಕೊನೆಯ ಹೊಲ ಯಾರದು?

ತಂತ್ರಜ್ಞಾನದ ಮಾತು ಇಷ್ಟು. ಮನೆಯೊಳಗಿನ ಮಾತು ಇದಕ್ಕಿಂತ ದೊಡ್ಡದು. ಕಾಲುವೆಗೆ ಒಂದು ಕೊನೆಯ ಹೊಲ ಇರುವಂತೆ ಸಂಪರ್ಕಕ್ಕೂ ಒಂದು ಕೊನೆಯ ಪಾಲು ಇರುತ್ತದೆ. ಅದು ಯಾರದೆಂದು ನೋಡಿದರೆ ಬಹಳ ಮನೆಗಳಲ್ಲಿ ಮಗಳದು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಪುರುಷರು ನೂರಕ್ಕೆ 62.4, ಮಹಿಳೆಯರು ನೂರಕ್ಕೆ 35 ಮಾತ್ರ.

ಹುಡುಗಿಯರ ಕೈಗೆ ಫೋನು ಕೊಡಲು ಪಾಲಕರು ಹಿಂಜರಿಯುವುದಕ್ಕೆ ಕಾರಣಗಳಿಲ್ಲದಿಲ್ಲ. ಆದರೆ ಅದೇ ಹಿಂಜರಿಕೆ ಓದನ್ನೂ ಹಿಂದಕ್ಕೆ ಎಳೆಯುತ್ತದೆ. ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಹಾಸ್ಟೆಲ್ಲಿನಲ್ಲಿ ಸಂಜೆ ಫೋನು ಕಸಿದುಕೊಳ್ಳುವ ನಿಯಮವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್, ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನೊಂದಿಗೂ ಖಾಸಗಿತನದ ಹಕ್ಕಿನೊಂದಿಗೂ ಸೇರಿದ್ದು ಎಂದು ತೀರ್ಪು ಕೊಟ್ಟಿತು.

ಈ ನಾಲ್ಕು ಊರುಗಳ ನಾಡಿಗೆ ಇದು ಹೊಸ ಪಾಠವಾಗಬೇಕಿಲ್ಲ. ಕಿತ್ತೂರಿನ ಚನ್ನಮ್ಮ 1824ರಲ್ಲಿ ಕಂಪನಿ ಸರ್ಕಾರಕ್ಕೆ ಎದುರು ನಿಂತವಳು, ಆಕೆಯ ಸಮಾಧಿ ಇರುವುದು ಬೈಲಹೊಂಗಲದಲ್ಲಿ. ಬೆಳವಡಿ ಮಲ್ಲಮ್ಮನ ಊರೂ ಬೈಲಹೊಂಗಲ ತಾಲ್ಲೂಕಿನದೇ. ಹೆಣ್ಣುಮಕ್ಕಳಿಗೆಂದೇ ಸೈನಿಕ ಶಾಲೆ ಕಿತ್ತೂರಿನಲ್ಲಿ ಆರಂಭವಾದದ್ದು 1969ರಲ್ಲಿ. ಇಂಥ ನೆಲದಲ್ಲಿ ಮಗಳ ಪಾಠದ ಹೊತ್ತಿಗೆ ಡೇಟಾ ಮುಗಿದಿರುವುದು ಒಪ್ಪುವ ಮಾತಲ್ಲ.

ಲ್ಯಾಪ್‌ಟಾಪಿನ ಹಾಟ್‌ಸ್ಪಾಟ್ ಇಲ್ಲಿ ಒಂದು ಒಳ್ಳೆಯ ನಡುದಾರಿ ತೆರೆಯುತ್ತದೆ. ಪಡಸಾಲೆಯ ಮೇಜಿನ ಮೇಲೆ ಎಲ್ಲರೆದುರು ಇರುವ ಯಂತ್ರದಿಂದ ಸಂಪರ್ಕ ಹಂಚಿಕೆಯಾದರೆ, ಯಾವ ಯಾವ ಫೋನು ಸೇರಿದೆ ಎಂಬುದು ಅದರ ಪರದೆಯ ಮೇಲೆ ಕಾಣುತ್ತದೆ. ಕಾವಲು ಕೂಡುವ ಅಗತ್ಯ ಇಲ್ಲ, ಕಣ್ಣು ಮುಚ್ಚಿಕೊಳ್ಳುವ ಅಗತ್ಯವೂ ಇಲ್ಲ. ಕಾಲುವೆಯಂತೆ ಪಾಳಿ ಬರೆದು ಗೋಡೆಗೆ ಹಚ್ಚಿದರಾಯಿತು. ಪರೀಕ್ಷೆ ಹತ್ತಿರವಿದ್ದವರಿಗೆ ಮೊದಲ ಪಾಳಿ. ಅರ್ಜಿ ತುಂಬುವವರು ಇರುವಾಗ ಉಳಿದವರ ವಿಡಿಯೊ ಬಂದ್. ಆಟ, ಸಿನಿಮಾ ಏನಿದ್ದರೂ ಕೊನೆಗೆ. ಪಾಳಿ ಬರೆಯುವಾಗ ಮಕ್ಕಳನ್ನೂ ಕೂಡಿಸಿಕೊಂಡರೆ ಜಗಳ ಅರ್ಧ ಕಡಿಮೆ. ಆ ಪಾಳಿ ತಂದೆತಾಯಿಗೂ ಅನ್ವಯಿಸಬೇಕೆಂದು ಬೇರೆ ಹೇಳಬೇಕಿಲ್ಲ.

ಮನೆಯಾಚೆಗೂ ಪಾಲು

ಲ್ಯಾಪ್‌ಟಾಪೇ ಇಲ್ಲದ ಮನೆಗಳೇ ಹೆಚ್ಚು. ಅಂಥವರಿಗೆ ಊರೇ ಹಂಚಿಕೆಯ ಜಾಗವಾಗಬೇಕು. ದೇಶದ ರೈಲು ನಿಲ್ದಾಣಗಳಲ್ಲಿ 2016ರ ಜನವರಿಯಿಂದ ಉಚಿತ ವೈಫೈ ಬರತೊಡಗಿತು. ಎರ್ನಾಕುಲಂ ನಿಲ್ದಾಣದ ಹಮಾಲರೊಬ್ಬರು ಹೊರೆ ಹೊರುತ್ತಲೇ ಆ ವೈಫೈಯಲ್ಲಿ ಪಾಠ ಕೇಳಿ, ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಪಾಸಾದ ಸುದ್ದಿ 2018ರಲ್ಲಿ ದೇಶದ ಗಮನ ಸೆಳೆದಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳಿಗೆ ಇನ್ನೂ ರೈಲು ನಿಲ್ದಾಣವೇ ಇಲ್ಲ. ಆ ಬಗೆಯ ಉಚಿತ ವೈಫೈ ಬೇಕಾದರೆ ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕು.

ಬೇರೆ ದಾರಿಗಳಿವೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಇಂದು ಅದರ ಹೆಸರು ಭಾರತ್‌ನೆಟ್. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ ಎಂಬ ಹೆಸರು ಪಡೆದಿದ್ದು, ಹಲವೆಡೆ ಕಂಪ್ಯೂಟರೂ ಇಂಟರ್‌ನೆಟ್ಟೂ ಮಕ್ಕಳಿಗೆ ಸಿಗುತ್ತವೆ. ತಮ್ಮೂರಿನ ಕೇಂದ್ರದಲ್ಲಿ ಅವು ಇವೆಯೇ, ಯಾವ ಹೊತ್ತಿಗೆ ಬಾಗಿಲು ತೆರೆಯುತ್ತದೆ ಎಂದು ಪಾಲಕರು ಒಮ್ಮೆ ಹೋಗಿ ಕೇಳಬೇಕು. ಕೇಳುವವರಿದ್ದರೆ ಕೊಡುವವರೂ ಚುರುಕಾಗುತ್ತಾರೆ.

ಅಂಗಡಿಯವರು ದುಡ್ಡಿಗೆ ವೈಫೈ ಹಂಚಬೇಕೆಂದರೆ ಅದಕ್ಕೂ ನೇರವಾದ ದಾರಿ ಇದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಕಿರಾಣಿ ಅಂಗಡಿಯೂ ಚಹಾದಂಗಡಿಯೂ ‘ಸಾರ್ವಜನಿಕ ಡೇಟಾ ಕಚೇರಿ’ ಆಗಬಹುದು. ಅದಕ್ಕೆ ಪರವಾನಗಿ ಬೇಡ, ನೋಂದಣಿ ಶುಲ್ಕವೂ ಇಲ್ಲ. ಹಳೆಯ ಪಿಸಿಒ ಬೂತಿನ ನೆನಪಿನಲ್ಲಿಯೇ ಪಿಡಿಒ ಎಂಬ ಹೆಸರು ಹುಟ್ಟಿದಂತಿದೆ. ಮನೆಯ ಸಂಪರ್ಕವನ್ನು ಲ್ಯಾಪ್‌ಟಾಪಿನಿಂದ ಓಣಿಗೆ ಮಾರುವುದು ಮಾತ್ರ ಬೇರೆ ಮಾತು. ಮನೆಬಳಕೆಯ ಸಂಪರ್ಕ ಮನೆಗೆಂದೇ ಕೊಟ್ಟದ್ದು.

‘ಹಂಚಿ ಉಂಡರೆ ಹಸಿವಿಲ್ಲ’ ಎಂದು ಹಿರಿಯರು ಹೇಳಿದ್ದು ರೊಟ್ಟಿಯ ಬಗೆಗೆ. ಇಂಟರ್‌ನೆಟ್ಟಿನ ವಿಷಯದಲ್ಲಿ ಅದರ ಜೊತೆಗೆ ಲೆಕ್ಕ ಇಟ್ಟು ಹಂಚಬೇಕು ಎಂದು ಸೇರಿಸಿಕೊಳ್ಳಬೇಕು. ಇಂದು ರಾತ್ರಿ ಊಟವಾದ ಮೇಲೆ ಮಕ್ಕಳೂ ಪಾಲಕರೂ ಒಟ್ಟಿಗೆ ಲ್ಯಾಪ್‌ಟಾಪಿನ ಮುಂದೆ ಕೂತು ಮೂರು ಕೆಲಸ ಮಾಡಬಹುದು: ಹಾಟ್‌ಸ್ಪಾಟಿಗೆ ಗಟ್ಟಿ ಗುಪ್ತಪದ ಹಾಕುವುದು, ಪ್ರತಿ ಫೋನಿನಲ್ಲಿ ತಾನಾಗಿ ಇಳಿಯುವುದನ್ನು ನಿಲ್ಲಿಸುವುದು, ನಾಳೆಯ ಪಾಳಿಯನ್ನು ಒಂದು ಹಾಳೆಯಲ್ಲಿ ಬರೆಯುವುದು. ಅರ್ಧ ಗಂಟೆ ಸಾಕು. ಆ ಹಾಳೆಯಲ್ಲಿ ಮೊದಲ ಹೆಸರು ಮನೆಯಲ್ಲಿ ಇಷ್ಟು ದಿನ ಕೊನೆಗೆ ಉಳಿಯುತ್ತಿದ್ದವರದಾಗಿದ್ದರೆ ಇನ್ನೂ ಒಳ್ಳೆಯದು.